ಹೊರಡುವ ಮೊದಲೇ ಬರೆದದ್ದು

ಅಕ್ಕೋರು ಕಚ್ಛದ ಉಪ್ಪಿನ ಮರುಭೂಮಿಯ ಬಗ್ಗೆ ಹೇಳಿದ ಮಾತುಗಳು ನನಗೆ ಚೆನ್ನಾಗಿ ನೆನಪಿವೆ. ಅವುಗಳಲ್ಲಿ ಯಾವುದನ್ನು ಅಲ್ಲಿಗೆ ಹೋಗುವ ಮೊದಲು ಹೇಳಿದರು, ಯಾವುದನ್ನು ಹೋಗಿ ಬಂದ ಮೇಲೆ ಹೇಳಿದರು ಎಂಬುದು ಮಾತ್ರ ಕಲಸಿಹೋಗಿದೆ. ಎರಡೂ ಸಲ ಅದೇ ಜಗಲಿ, ಅದೇ ಕುರ್ಚಿ, ಎದುರಿಗೆ ಚಹದ ಲೋಟ ಹಿಡಿದ ನನ್ನ ತಾಯಿ, ಆಯಿ. ಬೇರೆ ಯಾರದ್ದಾದರೂ ಪ್ರವಾಸವಾಗಿದ್ದರೆ ಇದನ್ನು ಯೋಚಿಸುತ್ತಲೂ ಇರಲಿಲ್ಲ. ಆದರೆ ಅಕ್ಕೋರ ಕಣ್ಣು ಹೋಗುತ್ತಿತ್ತು. ಪೂರ್ತಿ ಹೋಗುವ ಮೊದಲು ಆ ಒಂದು ಜಾಗ ನೋಡಬೇಕೆಂದು ಹೊರಟವರು ಅವರು. ನೋಡಿದರೋ ಇಲ್ಲವೋ ಎಂಬುದು ಬಹಳ ದಿನ ನನ್ನ ನೆನಪಿನ ಮೇಲೆ ನಿಂತಿತ್ತು. ನನ್ನ ನೆನಪನ್ನು ನಾನೇ ಅಷ್ಟಾಗಿ ನಂಬುವುದಿಲ್ಲ.

ಈ ವರ್ಷ ಮಳೆ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ ಅವರು ತೀರಿಕೊಂಡರು. ಹೃದಯ ನಿಂತಿತು ಎಂದರು. ಶಿರಸಿಯಲ್ಲಿ ನಾವು ಬಾಡಿಗೆಗಿರುವ ಮನೆಯ ಇನ್ನರ್ಧ ಭಾಗದಲ್ಲಿ ಅವರಿದ್ದರು. ನಡುವೆ ಒಂದೇ ಗೋಡೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ನಿವೃತ್ತರಾದ ಮೇಲೂ ಆ ಹೆಸರು ಬಿಡುವುದಿಲ್ಲ. ಪೋಸ್ಟ್‌ಮ್ಯಾನ್ ಕೂಡ ಅವರ ಹೆಸರನ್ನು ಲಕೋಟೆಯ ಮೇಲೆ ಓದಿ, ಕೂಗುವಾಗ ಮಾತ್ರ ‘ಅಕ್ಕೋರೇ’ ಎಂದೇ ಕೂಗುತ್ತಿದ್ದ. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

ಅವರ ಊರು ಬನವಾಸಿಯ ಹತ್ತಿರ. ಮಾತು ಹಾವೇರಿ ಕಡೆಗೆ ವಾಲುತ್ತಿತ್ತು. ನೌಕರಿ ಪೂರ್ತಿ ಕಾಡಿನ ಶಾಲೆಗಳಲ್ಲಿ: ಮೊದಲು ಸಿದ್ದಾಪುರ ತಾಲೂಕಿನಲ್ಲಿ ದೊಡ್ಮನೆಯ ಆಚೆ, ಆಮೇಲೆ ಯಲ್ಲಾಪುರದ ಉಮ್ಮಚಗಿ ಕಡೆ, ಕೊನೆಗೆ ಶಿರಸಿ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, “ಟ್ರಾನ್ಸ್‌ಫರ್ ಆಗೂದ್ರಾಗ ಟೈಮ್ ಸಿಗಲಿಲ್ರಿ” ಎನ್ನುತ್ತಿದ್ದರು. ಹೀಗೆ ಹೇಳುವಾಗ ನಗುತ್ತಿರಲಿಲ್ಲ, ಕೇಳಿದವರು ನಗಬೇಕೋ ಬೇಡವೋ ತಿಳಿಯದೆ ಒದ್ದಾಡುತ್ತಿದ್ದರು. ಅದು ಅವರಿಗೆ ಇಷ್ಟವಾಗಿತ್ತು ಎಂದು ಕಾಣುತ್ತದೆ.

ಅವರಿಗೆ ಬಂದದ್ದು ಗ್ಲಾಕೋಮಾ. ಆ ರೋಗದಲ್ಲಿ ಬದಿಯ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಗೆ. “ಬಾಗಲಾ ಇದ್ದದ್ದು ಕಿಟಕಿ ಆತು. ಕಿಟಕಿ ಈಗ ಕಿಂಡಿ ಆಗೇತಿ” ಎಂದು ಒಮ್ಮೆ ಆಯಿಗೆ ಹೇಳಿದರು. ಅಂಗಳದಲ್ಲಿ ನಿಲ್ಲಿಸಿದ ನನ್ನ ಸ್ಕೂಟರಿಗೆ ಸೊಂಟ ತಾಗಿದಾಗ “ಸ್ವಲ್ಪ ಸರೀರಿ ಅಣ್ಣಾ” ಎಂದು ಹೇಳಿ, ಉತ್ತರ ಬಾರದ್ದಕ್ಕೆ ಕೈಯಿಂದ ಸವರಿ ನೋಡಿ, “ಸಂಭಾವಿತ ಮನಶ್ಯಾ, ಮಾತ ಆಡಂಗಿಲ್ಲ” ಎಂದರು. ನಾವು ನಕ್ಕೆವು. ಒಳಗೆ ಹೋದ ಮೇಲೆ ಆಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಕಚ್ಛಕ್ಕೆ ಹೋಗುತ್ತೇನೆಂದು ಅವರು ಹೇಳಿದಾಗ ನಾನು ಎಲ್ಲರ ಹಾಗೆ ಆಶ್ಚರ್ಯಪಟ್ಟೆ. ಕಾಶಿಗೆ ಅಂದಿದ್ದರೆ ಯಾರೂ ಕಾರಣ ಕೇಳುತ್ತಿರಲಿಲ್ಲ.

“ನಮ್ಮೂರಾಗ ಗದ್ದಿ ಬಯಲರ ಇತ್ತು ಸರ. ಈ ಕಡೆ ನೌಕರಿಗೆ ಬಂದ ಮ್ಯಾಲೆ ಎಲ್ಲಿ ನೋಡಿದ್ರೂ ಮರ ಅಡ್ಡ. ಆಕಾಶ ಅಂದ್ರ ಛತ್ರಿಯಷ್ಟ. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ನಕಾಶೆ ತಗಸೂವಾಗ ಗುಜರಾತಿನ ಮೂಗಿನ ಮ್ಯಾಲೆ ಚುಕ್ಕಿ ಹಾಕಸ್ತಿದ್ದೆ, ಇಲ್ಲಿ ಉಪ್ಪಿನ ಬಯಲೈತಿ, ಒಂದ ಹುಲ್ಲಕಡ್ಡಿ ಇಲ್ಲ ಅಂತ. ಮಕ್ಕಳು ನಂಬ್ತಿದ್ದಿಲ್ಲ. ನನಗೂ ನಂಬಿಕಿ ಇದ್ದಿದ್ದಿಲ್ಲ.”

“ಬಯಲು ನೋಡಬೇಕಾದರೆ ಗೋಕರ್ಣಕ್ಕೆ ಹೋಗಿ ಸಮುದ್ರ ನೋಡಬಹುದಲ್ಲ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು” ಎಂದೆ.

“ಸಮುದ್ರ ಅಳ್ಳಾಡತೈತ್ರಿ. ಕಿಂಡ್ಯಾಗ ಅಳ್ಳಾಡೂದು ನೋಡಿದ್ರ ತಲಿ ತಿರಗತೈತಿ. ಉಪ್ಪಿನ ಬಯಲು ಸುಮ್ಮ ಬಿದ್ದಿರತೈತಿ. ಎಡಕ್ಕೂ ಬಿಳಿ, ಬಲಕ್ಕೂ ಬಿಳಿ. ಕಿಂಡ್ಯಾಗ ಏನ ಕಂಡಿತೋ ಅದ ಬದಿಗೂ ಇರತೈತಿ. ನನಗ ಕಾಣದ ಉಳಿಯೂದು ಏನೂ ಇಲ್ಲ ಅಲ್ಲಿ. ಲುಕ್ಸಾನಿಲ್ಲ.”

ಈ ಮಾತನ್ನು ಅವರು ಹೊರಡುವ ಮೊದಲೇ ಹೇಳಿದ್ದು. ಇದರ ಬಗ್ಗೆ ನನಗೆ ಅನುಮಾನವಿಲ್ಲ, ಯಾಕೆಂದರೆ ಇದನ್ನು ಕೇಳಿದ ಕೂಡಲೇ ನಾನು ಒಳಗೆ ಹೋಗಿ ರೈಲಿನ ವೇಳೆ ಹುಡುಕಿದೆ. ಶಿರಸಿಗೆ ರೈಲು ಬರುತ್ತದೆಂದು ನಾನು ಸಣ್ಣವನಿದ್ದಾಗಿನಿಂದ ಹೇಳುತ್ತಿದ್ದಾರೆ. ಸದ್ಯಕ್ಕೆ ಘಟ್ಟ ಇಳಿದು ಕಾರವಾರದಲ್ಲಿ ಹತ್ತಬೇಕು.

ಅವರು ಆ ವಾರವೇ ಪ್ರವಾಸದ ದಿನಚರಿ ಶುರು ಮಾಡಿದರು. ಟಿಕೆಟ್ ಇರಲಿಲ್ಲ, ದಿನ ನಿಗದಿಯಾಗಿರಲಿಲ್ಲ, ಜೊತೆಗೆ ಯಾರು ಎಂದೂ ಗೊತ್ತಿರಲಿಲ್ಲ. ಉದ್ದ ನೋಟ್‌ಬುಕ್ಕು, ದಪ್ಪ ಸ್ಕೆಚ್ ಪೆನ್ನು. ಎಡಗಡೆಯ ಪುಟದಲ್ಲಿ ಬರೆಯುವುದು, ಬಲಗಡೆಯದನ್ನು ಖಾಲಿ ಬಿಡುವುದು. ಹೋಗಿ ಬಂದ ಮೇಲೆ ಬಲಗಡೆ ತುಂಬಬೇಕು.

ಇದು ಅವರ ಶಾಲೆಯ ಪದ್ಧತಿ. ಪ್ರವಾಸ ಮುಗಿಸಿ ಬಂದ ಮಕ್ಕಳಿಗೆ ಪ್ರಬಂಧ ಬರೆಯಲು ಹೇಳಿದರೆ ಎಲ್ಲರೂ ಒಂದೇ ಬರೆಯುತ್ತಾರೆ: ಬಸ್ಸಿನಲ್ಲಿ ಹೋದೆವು, ಅವಲಕ್ಕಿ ತಿಂದೆವು, ಆನಂದವಾಯಿತು. ಅದಕ್ಕೆ ಅಕ್ಕೋರು ಹೊರಡುವ ಮೊದಲೇ ಬರೆಸುತ್ತಿದ್ದರು. ಅಲ್ಲಿ ಏನಿರುತ್ತದೆ ಅಂದುಕೊಂಡಿದ್ದೀಯ, ಬರಿ. ಬಂದ ಮೇಲೆ ನಿನ್ನ ತಪ್ಪನ್ನು ನೀನೇ ತಿದ್ದು. “ತಪ್ಪು ಗೊತ್ತಾಗಲಿ ಅಂತನ ಹೋಗೂದು. ತಪ್ಪ ಸಿಗಲಿಲ್ಲ ಅಂದ್ರ ಮನ್ಯಾಗ ಕುಂತಂಗ.”

ಉಮ್ಮಚಗಿ ಕಡೆಯ ಶಾಲೆಯಿಂದ ಮಕ್ಕಳನ್ನು ಮೊದಲ ಸಲ ಸಮುದ್ರಕ್ಕೆ ಕರೆದೊಯ್ದದ್ದನ್ನು ಅವರು ಬಹಳ ಸಲ ಹೇಳುತ್ತಿದ್ದರು. ಒಬ್ಬ ಹುಡುಗಿ ಎಡಗಡೆ ಬರೆದಿದ್ದಳಂತೆ: ‘ಸಮುದ್ರದ ಆಚೆ ದಡದಲ್ಲಿ ಒಬ್ಬರು ಬಟ್ಟೆ ಒಗೆಯುತ್ತಿರುತ್ತಾರೆ. ನಾನು ಅವರನ್ನು ಕೂಗಿ ಕರೆಯುತ್ತೇನೆ.’ ಅವಳು ಕಂಡ ನೀರಿಗೆಲ್ಲ ಆಚೆ ದಡ ಇತ್ತು, ಹಳ್ಳಕ್ಕೂ ಕೆರೆಗೂ. ಬಂದ ಮೇಲೆ ಬಲಗಡೆ ಬರೆದದ್ದು: ‘ಆಚೆ ದಡ ಇಲ್ಲ. ನಾನು ಕೂಗಿದೆ.’

ಅಕ್ಕೋರ ಎಡಪುಟಗಳಿಗೆ ನೆರೆಹೊರೆಯವರೆಲ್ಲ ಕೈ ಹಾಕಬೇಕಾಯಿತು. “ನೀವೇನಂತೀರಿ, ಅಲ್ಲಿ ಹ್ಯಾಂಗಿರಬಹುದು?” ಎಂದು ಹಾಲಿನವನನ್ನೂ ಬಿಡದೆ ಕೇಳಿದರು. ಆಯಿಯನ್ನು ಕೇಳಿದ್ದು ಸಂಜೆ, ಹೂ ಕಟ್ಟುತ್ತಿದ್ದಾಗ. ಆಯಿ ಕೈ ನಿಲ್ಲಿಸಿದಳು.

“ಉಪ್ಪಿನ ಮೇಲೆ ನಡೆಯೋದಾ? ಉಪ್ಪು ತುಳಿಯಲಾಗ ಅಕ್ಕೋರೆ. ಲಕ್ಷ್ಮಿ ಅದು. ನಮ್ಮನೇಲಿ ಒಂದು ಹರಳು ನೆಲಕ್ಕೆ ಬಿದ್ರೂ ಅತ್ತೆ ಬೈತಿದ್ರು.”

“ನಮ್ಮವ್ವನೂ ಹಂಗ” ಎಂದರು ಅಕ್ಕೋರು. ಅವರ ಮುಖದಲ್ಲಿ ನಿಜವಾದ ಗಾಬರಿ ಕಂಡಿತು. ದೇಶದ ನಕಾಶೆಯಲ್ಲಿ ಅಷ್ಟು ವರ್ಷ ಚುಕ್ಕೆ ಹಾಕಿಸಿದವರಿಗೆ ಇದು ಹೊಳೆದಿರಲಿಲ್ಲ. “ಊರ ತುಂಬ ಉಪ್ಪ ಇದ್ರ ಕಾಲ ಎಲ್ಲಿಡೂದ್ರಿ ಮತ್ತ?”

“ಉಪ್ಪು ಎಂದರೆ ಸೋಡಿಯಂ ಕ್ಲೋರೈಡ್” ಎಂದು ನಾನು ಬಾಯಿ ಹಾಕಿದೆ.

“ತಮಾ, ನೀ ಸುಮ್ನಿರು. ನಿಂಗೆ ಎಂತೂ ಗೊತ್ತಾಗ್ತಿಲ್ಲೆ” ಎಂದಳು ಆಯಿ. ಆಮೇಲೆ ಇಬ್ಬರೂ ಕೂಡಿ ಒಂದು ತೀರ್ಮಾನಕ್ಕೆ ಬಂದರು. ಅಂಚಿನಲ್ಲಿ ಚಪ್ಪಲಿ ಬಿಡುವುದು. ಬಗ್ಗಿ ಉಪ್ಪನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು. ಆಮೇಲೆ ಕಾಲಿಡುವುದು. “ಗಂಟು ನೋವು ಇಲ್ದಿದ್ರೆ ಆನೂ ಹೊರಡ್ತಿದ್ದೆ” ಎಂದು ಆಯಿ ಸೇರಿಸಿದಳು. ಅದನ್ನೂ ಅಕ್ಕೋರು ಎಡಪುಟದಲ್ಲಿ ಬರೆದುಕೊಂಡರು.

ನನ್ನನ್ನು ಕೇಳಿದಾಗ ನಾನು ವಾದಕ್ಕಿಳಿದೆ. ಧಾರವಾಡದಲ್ಲಿ ಇತಿಹಾಸ ಓದಿ, ಇಲ್ಲಿ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವವನು ನಾನು. ಘಟನೆ ನಡೆಯುವ ಮೊದಲೇ ಬರೆದ ದಾಖಲೆಗೆ ಯಾವ ಬೆಲೆಯೂ ಇಲ್ಲ, ಅದಕ್ಕಿಂತ ಕೆಟ್ಟದ್ದೆಂದರೆ, ಆಮೇಲೆ ಕಂಡದ್ದನ್ನೂ ಅದು ಕೆಡಿಸುತ್ತದೆ, ಬರೆದಿಟ್ಟದ್ದೇ ಕಣ್ಣಿಗೆ ಕಾಣತೊಡಗುತ್ತದೆ ಎಂದೆ. ಅವರು ಪಾಠ ಒಪ್ಪಿಸುವ ಹುಡುಗನ ಮಾತು ಕೇಳುವಂತೆ ಪೂರ್ತಿ ಕೇಳಿದರು.

“ಸಾಕ್ಷಿ ಯಾರಿಗೆ ಬೇಕ್ರಿ ಸರ. ನನಗ ಗುರುತ ಬೇಕು. ಕಿಂಡ್ಯಾಗ ನೋಡೂವ್ರಿಗೆ ಎಲ್ಲಿ ನೋಡಬೇಕು ಅನ್ನೂದು ಮೊದಲ ಗೊತ್ತಿರಬೇಕು.”

ಆ ಚಳಿಗಾಲಕ್ಕೆ ಹೊರಡುವ ಮಾತಿತ್ತು. ಅಷ್ಟರಲ್ಲಿ ಕಣ್ಣಿನ ಒತ್ತಡ ಏರಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಉಳಿದದ್ದು ಉಳಿದರೆ ಸಾಕು ಎಂಬ ಆಪರೇಷನ್, ಹೋದದ್ದು ಬರುವುದಲ್ಲ. ಉಳಿದದ್ದೂ ನಿಲ್ಲಲಿಲ್ಲ. ಎಡಪುಟಗಳ ಅಕ್ಷರ ದೊಡ್ಡದಾಗುತ್ತ, ಸಾಲು ಕೆಳಗೆ ಜಾರುತ್ತ ಹೋಯಿತು. ಕೊನೆಕೊನೆಯ ಪುಟಗಳನ್ನು ಅವರು ಹೇಳಿದರು, ನಾನು ಬರೆದೆ. ನನ್ನ ಗೊಂದಲದ ಮೂಲ ಇಲ್ಲೇ ಇರಬೇಕು. ಅವರ ವಾಕ್ಯಗಳು ನನ್ನ ಕೈಯಿಂದ ಇಳಿದಿವೆ. ಬಿಳಿ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವುದಿಲ್ಲ ಎಂಬ ಸಾಲನ್ನು ನಾನೇ ಬರೆದೆ. ಉಪ್ಪು ಸಕ್ಕರೆಯ ಹಾಗೆ ಪುಡಿಪುಡಿಯಾಗಿರುತ್ತದೆ ಎಂಬುದನ್ನೂ. ಒಣಮೀನಿನ ವಾಸನೆ ಇರುತ್ತದೆ, ಯಾಕೆಂದರೆ ಸಂತೆಯಲ್ಲಿ ಉಪ್ಪು ಯಾವಾಗಲೂ ಒಣಮೀನಿನ ಪಕ್ಕದಲ್ಲೇ ಕೂತಿರುತ್ತದೆ ಎಂಬುದನ್ನೂ.

ಮುಂದಿನ ಚಳಿಗಾಲದಲ್ಲಿ ಅವರು ಹೋದರು. ಜೊತೆಗೆ ಅವರ ತಂಗಿಯ ಮಗಳು. ಯಲ್ಲಾಪುರದ ಆಸ್ಪತ್ರೆಯಲ್ಲಿ ನರ್ಸ್, ರಜೆ ಹೊಂದಿಸಿಕೊಂಡು ಬಂದಿದ್ದಳು. ಹೊರಡುವಾಗ ಅಕ್ಕೋರು ನಮ್ಮ ಬಾಗಿಲಿಗೆ ಬಂದು “ಹೋಗಿ ಬರ್ತೀನ್ರಿ” ಎಂದರು. ನೆಟ್ಟಗೆ ನನ್ನ ಮುಖ ನೋಡಿ ಹೇಳಿದ್ದರಿಂದ ಅವರಿಗೆ ನಾನು ಕಾಣುತ್ತಿದ್ದೇನೆ ಎಂದುಕೊಂಡೆ. ಆದರೆ ನಾನು ಅಷ್ಟರಲ್ಲೇ “ಚೀಲ ನಾನು ಹಿಡಿಯುತ್ತೇನೆ” ಎಂದಿದ್ದೆ. ದನಿ ಬಂದ ಕಡೆ ಮುಖ ತಿರುಗಿಸುವುದು ಅವರಿಗೆ ಆಗಲೇ ರೂಢಿಯಾಗಿತ್ತು.

ಬಂದ ಮೇಲೆ ಜಗಲಿಯಲ್ಲಿ ಕೂತು ಹೇಳಿದರು. ಉಪ್ಪು ಪುಡಿಯಲ್ಲವಂತೆ, ಗಟ್ಟಿ, ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತದೆ, ಕೆಳಗೆ ತಣ್ಣನೆಯ ಕೆಸರು. ಒಣಮೀನಿನ ವಾಸನೆ ಇಲ್ಲವಂತೆ, ವಾಸನೆಯೇ ಇಲ್ಲ. ಉಪ್ಪನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡದ್ದಕ್ಕೆ ಕಣ್ಣುರಿ ಹತ್ತಿ, ತಂಗಿಯ ಮಗಳು ಬಾಟಲಿ ನೀರು ಸುರಿದು ತೊಳೆಯುತ್ತ, “ಔಷಧ ಹಾಕೂ ಕಣ್ಣಿಗೆ ಉಪ್ಪು ಹಾಕ್ಕೋತಾರೇನ್ ದೊಡ್ಡವ್ವ, ಬುದ್ಧಿ ಐತಿಲ್ಲ ನಿನಗ” ಎಂದು ಅಷ್ಟು ಜನರ ಮುಂದೆ ಬೈದಳಂತೆ.

“ಮತ್ತೆ ಕಂಡದ್ದು ಹ್ಯಾಂಗಿತ್ತು ಅಕ್ಕೋರೆ?” ಎಂದಳು ಆಯಿ.

“ಬರ್ದಿದ್ದೆನಲ್ರಿ, ಹಂಗ ಇತ್ತು. ಬಿಳಿ ಎಲ್ಲಿ ಮುಗೀತು, ಆಕಾಶ ಎಲ್ಲಿ ಶುರು ಆತು, ತಿಳೀಲಿಲ್ಲ.”

ಆಗ ನಾನು ಏನನ್ನೂ ಅಂದುಕೊಳ್ಳಲಿಲ್ಲ. ಒಂದೆರಡು ವಾರ ಬಿಟ್ಟು, ಬಲಪುಟ ಬರೆಯೋಣವೇ, ನೀವು ಹೇಳಿ, ನಾನು ಬರೆಯುತ್ತೇನೆ ಎಂದಾಗ ಅವರು ಬೇಡ ಎಂದರು. ಅದನ್ನು ಅವರ ಕೈಯಿಂದಲೇ ಬರೆಯಬೇಕಂತೆ. ಇನ್ನೊಮ್ಮೆ ಕೇಳಿದೆ. ಆಗ ಹೇಳಿದರು:

“ತಪ್ಪ ಸಿಗಬೇಕಲ್ರಿ ಸರ, ತಿದ್ದಾಕ.”

ಈ ಮಾತು ನನ್ನನ್ನು ಬಿಡಲಿಲ್ಲ. ಮೂಗು ತಿದ್ದಿತ್ತು, ಕಾಲು ತಿದ್ದಿತ್ತು. ಕಣ್ಣು ಏನನ್ನೂ ತಿದ್ದಿರಲಿಲ್ಲ. ನೋಟದ ಬಗ್ಗೆ ಅವರು ಬಂದ ಮೇಲೆ ಹೇಳಿದ್ದೆಲ್ಲ ಹೋಗುವ ಮೊದಲು ನನ್ನ ಕೈಯಲ್ಲಿ ಬರೆಸಿದ ಮಾತೇ. ಹಾಗಾದರೆ ಅವರ ನಿಯಮದಂತೆಯೇ ಅದು ಮನೆಯಲ್ಲಿ ಕೂತಂತೆ. ಅಷ್ಟು ದೂರ ರೈಲಿನಲ್ಲಿ ಹೋಗಿ, ಉಪ್ಪಿನ ಮೇಲೆ ನಿಂತು, ಅವರು ಮಬ್ಬನ್ನು ಮಾತ್ರ ನೋಡಿದರೇ? ನಮಗೆ ಬೇಸರವಾಗಬಾರದೆಂದು ಎಡಪುಟವನ್ನೇ ಬಾಯಿಪಾಠ ಒಪ್ಪಿಸಿದರೇ? ನೇರವಾಗಿ ಕೇಳಬಹುದಿತ್ತು. ಹೌದು ಎಂದರೆ ನಂಬುತ್ತಿರಲಿಲ್ಲ, ಇಲ್ಲ ಎಂದರೆ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಕಿಂಡಿಯೂ ಮುಚ್ಚಿತು. ಆಯಿಯ ಪಕ್ಕ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಎಸಳು ಜೊಳ್ಳೋ ಗಟ್ಟಿಯೋ ಎಂದು ಬೆರಳಲ್ಲೇ ನೋಡುತ್ತಿದ್ದರು. “ಇವತ್ತ ಹೊರಗ ಏನ್ ಕಾಣ್ತೈತ್ರಿ ಆಯಿ?” ಎಂದು ಕೇಳುವರು. “ಎಂತ ಇದ್ದು ಕಾಂಬ್ಲೆ, ಅದೇ ಕರೆಂಟ್ ಕಂಬ” ಎನ್ನುವಳು ಆಯಿ. “ಕಂಬದ ಮ್ಯಾಲೆ?” “ಕಾಗೆ.” “ಎಷ್ಟ?” “ಒಂದೇ, ಮಾರಾಯ್ತಿ.” ಅಷ್ಟಕ್ಕೆ ಅವರಿಗೆ ಸಮಾಧಾನ. ಕೆಲವು ದಿನ ಕಾಗೆ ಇಲ್ಲದಿದ್ದರೂ ಆಯಿ ಇದೆ ಎನ್ನುತ್ತಿದ್ದಳು. ಅವರು ತೀರಿಕೊಂಡ ದಿನ ಆಯಿ ಜಗಲಿಗೆ ಬರಲೇ ಇಲ್ಲ.

ತಂಗಿಯ ಮಗಳು ಸಾಮಾನು ಖಾಲಿ ಮಾಡಲು ಬಂದಾಗ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟು, ನೋಡಿ ಕೊಡ್ರಿ ಎಂದಳು. ಬಲಪುಟಗಳೆಲ್ಲ ಖಾಲಿ. ಮರಳಿ ಕೊಟ್ಟೆ. ಸಾವಿನ ಮನೆಯಲ್ಲಿ ನಿಂತು, ನಿಮ್ಮ ದೊಡ್ಡವ್ವನಿಗೆ ಅಲ್ಲಿ ಏನಾದರೂ ಕಂಡಿತ್ತೇ ಎಂದು ಕೇಳಲಾಗಲಿಲ್ಲ.

ಆಮೇಲೆ ಒಂದು ನೆನಪು ಮೇಲೆ ಬಂತು. ಅದು ನೆನಪೇ ಎಂದು ಹೇಳಲು ಧೈರ್ಯವಿಲ್ಲ. ಆಯಿ ದೇವರಿಗೆ ದೀಪ ಹಚ್ಚಲು ಒಳಗೆ ಹೋಗಿದ್ದಳು, ಜಗಲಿಯಲ್ಲಿ ನಾವಿಬ್ಬರೇ. ಉಪ್ಪಿನ ನಡುವೆ ಒಂದು ಸಣ್ಣ ಚಪ್ಪಲಿ ಸಿಕ್ಕಿತೆಂದು ಅಕ್ಕೋರು ಹೇಳಿದರು. ಒಂಟಿ ಚಪ್ಪಲಿ, ಕೆಸರಿನಲ್ಲಿ ಹೂತು ನಿಂತಿತ್ತಂತೆ. ಜನ ಸೂರ್ಯ ಮುಳುಗುವುದನ್ನು ನೋಡುತ್ತ ಅದರ ಪಕ್ಕದಲ್ಲೇ ಹೋಗುತ್ತಿದ್ದರಂತೆ. ಇವರು ಅದನ್ನು ಕಿತ್ತು, ಕೈ ಮೇಲೆತ್ತಿ, ಶಾಲೆಯ ದನಿಯಲ್ಲಿ ಕನ್ನಡದಲ್ಲೇ “ಯಾರದಿದು?” ಎಂದು ಕೂಗಿದರಂತೆ. “ಇಡೀ ಗುಜರಾತ ತಿರಿಗಿ ನೋಡ್ತು ಸರ.” ದೂರದಲ್ಲಿ ಮಗುವನ್ನು ಹೆಗಲ ಮೇಲೆ ಹೊತ್ತು ಹೋಗುತ್ತಿದ್ದವನು ವಾಪಸು ಬಂದನಂತೆ.

ಇದು ಎಡಪುಟದಲ್ಲಿ ಎಲ್ಲೂ ಇಲ್ಲ. ಇರುವಂಥದ್ದೂ ಅಲ್ಲ. ಆದರೆ ಇದನ್ನು ನಂಬುವುದು ನನಗೆ ಕಷ್ಟವಾಯಿತು. ಬಿದ್ದ ವಸ್ತುವನ್ನು ಎತ್ತಿ ಹಿಡಿದು “ಯಾರದಿದು?” ಎನ್ನುವ ಅಕ್ಕೋರನ್ನು ನಮ್ಮ ಓಣಿಯಲ್ಲೇ ಎಷ್ಟೋ ಸಲ ಕಂಡಿದ್ದೇನೆ, ಗಾಳಿಗೆ ಹಾರಿಬಂದ ಟವೆಲು, ಮಕ್ಕಳ ಚೆಂಡು, ಯಾರದೋ ಕೀಲಿಕೈ. ಅವರು ಏನನ್ನಾದರೂ ನೋಡಿರಲಿ ಎಂಬ ಆಸೆಯಿಂದ ನನ್ನ ಮನಸ್ಸೇ ಓಣಿಯ ಅಕ್ಕೋರನ್ನು ಎತ್ತಿ ಉಪ್ಪಿನ ಮೇಲೆ ನಿಲ್ಲಿಸಿರಬಹುದು. ಆಯಿಯನ್ನು ಕೇಳಿದೆ. “ಚಪ್ಪಲಿದು ಎಂತೂ ಹೇಳಿದ್ವಿಲ್ಲೆ ತಮಾ, ನನ್ನತ್ರ” ಎಂದಳು.

ಕಳೆದ ತಿಂಗಳು ಪರೀಕ್ಷೆಯ ಕೆಲಸಕ್ಕೆ ಯಲ್ಲಾಪುರಕ್ಕೆ ಹೋಗಿದ್ದೆ. ಮಧ್ಯಾಹ್ನ ಬಿಡುವಾದಾಗ ಆಸ್ಪತ್ರೆಗೆ ಹೋಗಿ ತಂಗಿಯ ಮಗಳನ್ನು ಕಂಡೆ. ಊಟದ ಡಬ್ಬಿ ತೊಳೆಯುತ್ತಿದ್ದಳು. ಕುಶಲ ಕೇಳಿಯಾದ ಮೇಲೆ, ಸಾಕ್ಷಿಗೆ ಉತ್ತರ ಹೇಳಿಕೊಡಬಾರದು ಎಂಬ ಎಚ್ಚರದಿಂದ, ಅಲ್ಲಿ ಉಪ್ಪಿನ ಮೇಲೆ ಅಕ್ಕೋರಿಗೆ ಏನಾದರೂ ಸಿಕ್ಕಿತ್ತೇ ಎಂದಷ್ಟೇ ಕೇಳಿದೆ.

“ಸಿಗೂದೇನ್ರಿ ಅಲ್ಲಿ, ಉಪ್ಪು” ಎಂದಳು. ಆಮೇಲೆ ಕೈ ನಿಲ್ಲಿಸಿದಳು. “ಚಪ್ಪಲಿ ಕೇಳಾಕ ಹತ್ತೀರೇನು? ಹೂಂ, ಕೂಸಿನ ಚಪ್ಪಲಿ. ನಾ ಮಾನ ಹೋತು ಅಂದ್ಕೊಂಡೆ ಸರ, ದೊಡ್ಡವ್ವ ಅಷ್ಟ ಜೋರ ಕೂಗಿದ್ಲು.”

“ಅವರ ಕಾಲಿಗೆ ತಾಗಿತ್ತೇ ಅದು?”

“ಇಲ್ರಿ. ನಾನ ಅವಳ ಕೈ ಹಿಡಕೊಂಡು ಅದನ್ನ ದಾಟಿ ಮುಂದ ಬಂದಿದ್ದೆ. ನಾ ನೋಡ ಇಲ್ಲ. ಈಕಿ ತಿರಿಗಿ ನಿಂತ್ಲು, ನನ್ನ ಕೈ ಜಗ್ಗಿದ್ಲು. ‘ಅಲ್ಲೊಂದು ಚಪ್ಪಲಿ ಐತಲ್ಲ, ನೀಲಿದು’ ಅಂದ್ಲು. ಎಲ್ಲೈತಿ ಅಂತ ನನಗ ಹುಡುಕೂದಾತು. ದೂರ ಇತ್ರಿ. ಇಲ್ಲಿಂದ ಆ ಗೇಟಿನಷ್ಟ.”

ಬಣ್ಣವನ್ನು ಅಕ್ಕೋರು ನನಗೆ ಹೇಳಿದ್ದರೋ ಇಲ್ಲವೋ ಗೊತ್ತಿಲ್ಲ. ಚಪ್ಪಲಿ ಇತ್ತು, ಅದು ನೀಲಿ, ಮೊದಲು ಕಂಡವರು ಅಕ್ಕೋರು.